ಹತ್ತಿ ಜುಟ್ಟಿನ ಪತಂಗ

ಅಂದು ಬೆಳಿಗ್ಗೆ ನಾನು ಮಾಡಿದ ಕೆಲಸಗಳು ಇಷ್ಟು. ಬಾವಿಯ ನೀರನ್ನು ಅರಿವೆಯಲ್ಲಿ ಸೋಸಿ ಹಂಡೆಗೆ ತುಂಬಿದೆ. ಅರಿವೆಗೆ ಅಂಟಿದ ಸಣ್ಣ ಜೀವಗಳು ಸಾಯಬಾರದೆಂದು ಅದನ್ನು ಮತ್ತೆ ಬಾವಿಯ ನೀರಿನಲ್ಲೇ ಜಾಲಿಸಿ ಬಂದೆ. ಎಮ್ಮೆ ಹಿಂಡಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಅತ್ತೆ ಬಸದಿಗೆ ಒಯ್ಯುವ ತಟ್ಟೆಯಲ್ಲಿ ಅಕ್ಕಿ, ಲವಂಗ, ಬದಾಮಿ ಹೊಂದಿಸಿಟ್ಟೆ. ಆದಿತ್ಯವಾರವಾದ್ದರಿಂದ ಶಾಲೆ ಇರಲಿಲ್ಲ. ಒಂಬತ್ತನೆಯ ಇಯತ್ತೆಯ ವಿಜ್ಞಾನದ ಪೇಪರುಗಳನ್ನು ಅರ್ಧ ತಿದ್ದಿದೆ. ಆಮೇಲೆ ಮನೆಯ ಹಿಂದಿನ ಮಗ್ಗದ ಶೆಡ್ಡಿಗೆ ಹೋಗಿ, ಕಸ ಗುಡಿಸುವ ಮೊದಲು ಟ್ಯೂಬ್‌ಲೈಟಿನ ಕೆಳಗಿನ ನೆಲವನ್ನು ನೋಡಿ, ಸತ್ತು ಬಿದ್ದ ಪತಂಗಗಳನ್ನು ಆಯ್ದುಕೊಂಡೆ. ಕೈಯಲ್ಲಿ ಕಾಗದದ ಪೊಟ್ಟಣಗಳನ್ನು ಹಿಡಿದು ಹೊರಗೆ ಬರುತ್ತೇನೆ, ನಿಪ್ಪಾಣಿ ಕಡೆಯ ಬಸ್ಸಿನಿಂದ ಇಳಿದು ಮನೆ ಕೇಳಿಕೊಂಡು ಆ ತಜ್ಞರು ಅಂಗಳಕ್ಕೆ ಬಂದಿದ್ದರು. ಈಚೆಗೆ ನಾನು ಪತ್ರದ ಮೇಲೆ ಪತ್ರ ಬರೆದರೂ ಒಂದು ಸಾಲಿನ ಉತ್ತರ ಕೊಡದಿದ್ದ ಮನುಷ್ಯ.

ಅವರು ದೂರದ ದೊಡ್ಡ ಊರಿನ ಒಂದು ಸಂಸ್ಥೆಯಲ್ಲಿ ಪತಂಗಗಳನ್ನು ಅಭ್ಯಾಸ ಮಾಡುವವರು. ನಮ್ಮ ಬೋರಗಾಂವದ ಮಗ್ಗದ ಶೆಡ್ಡಿನಲ್ಲಿ ಸಿಕ್ಕ ಒಂದು ಪತಂಗವನ್ನು ಹೊಸ ಜಾತಿಯೆಂದು ಹೆಸರಿಟ್ಟು ಛಾಪಿಸಿದವರು ಅವರೇ. ಮನೆಯಲ್ಲಿ ಪೇಢೆ ಹಂಚಬೇಕಾದ ಸಂಗತಿ. ಆದರೆ ಆ ಲೇಖನ ನಮ್ಮ ಕೈಗೆ ಬಂದ ದಿನದಿಂದ, ಎಪ್ಪತ್ತು ದಾಟಿದ ನಮ್ಮ ಅತ್ತೆ ಒಂದೇ ಹೊತ್ತು ಉಣ್ಣುತ್ತಿದ್ದರು. ಅದರಲ್ಲಿನ ಒಂದು ಶಬ್ದ ತಿದ್ದುವ ತನಕ ಎರಡನೆಯ ಊಟವಿಲ್ಲ ಎಂದು ನೇಮ ಹಿಡಿದಿದ್ದರು. ಆ ಶಬ್ದ ಯಾವುದು, ಅದು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಮೊದಲಿನಿಂದ ಹೇಳಬೇಕು. ಇಷ್ಟು ವರ್ಷವಾದರೂ ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಬರಲಿ.

ನಮ್ಮದು ಜೈನ ಒಕ್ಕಲುತನದ ಮನೆ. ಹೊಲದಲ್ಲಿ ಕಬ್ಬು, ಮನೆಯ ಹಿಂದೆ ನಮ್ಮವರು ಹಾಕಿದ ಪಾವರ್‌ಲೂಮಿನ ಶೆಡ್ಡು. ತೊಂಬತ್ತರ ಸುಮಾರಿನ ಆ ವರ್ಷಗಳಲ್ಲಿ ಕರೆಂಟು ಹಗಲು ಕೈಕೊಟ್ಟು ರಾತ್ರಿ ಬರುತ್ತಿತ್ತು. ಹಾಗಾಗಿ ಮಗ್ಗಗಳು ರಾತ್ರಿಯೆಲ್ಲ ಖಟಖಟ ಎನ್ನುತ್ತಿದ್ದವು, ಟ್ಯೂಬ್‌ಲೈಟು ಬೆಳಗಿನ ತನಕ ಉರಿಯುತ್ತಿತ್ತು. ಮಳೆಗಾಲದಲ್ಲಿ ಆ ಬೆಳಕಿಗೆ ಸುತ್ತಲಿನ ಕಬ್ಬಿನ ಹೊಲ, ಜಾಲಿಗಿಡ, ಹಳ್ಳದ ದಂಡೆಯ ಪತಂಗಗಳೆಲ್ಲ ಬರುತ್ತಿದ್ದವು. ಬೆಳಿಗ್ಗೆ ನೋಡಿದರೆ ಕೆಲವು ಸುಣ್ಣದ ಗೋಡೆಗೆ ಅಂಟಿ ಕೂತಿರುತ್ತಿದ್ದವು, ಕೆಲವು ಕೆಳಗೆ ಹತ್ತಿಯ ಧೂಳಿನಲ್ಲಿ ಸತ್ತು ಬಿದ್ದಿರುತ್ತಿದ್ದವು.

ನಾನು ಮದುವೆಗೆ ಮುಂಚೆ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಪತಂಗಗಳ ಮೇಲೆ ಆಗಿನಿಂದ ಆಸೆ. ಆದರೆ ಕಾಲೇಜಿನಲ್ಲಿ ಕಲಿಸಿದಂತೆ ಬಾಟಲಿಯಲ್ಲಿ ಔಷಧದ ಹತ್ತಿ ಇಟ್ಟು, ಜೀವಂತ ಹುಳವನ್ನು ಅದರೊಳಗೆ ಹಾಕಿ ಮುಚ್ಚುವುದು ನನ್ನ ಕೈಲಿ ಆಗಲಿಲ್ಲ. ಆ ಪಾಠಕ್ಕೆ ಗೈರುಹಾಜರಾಗಿಯೇ ಪಾಸಾದೆ. ಶೆಡ್ಡಿನ ನೆಲ ನೋಡಿದಾಗ ಹೊಳೆಯಿತು: ಇಲ್ಲಿ ಕೊಲ್ಲುವ ಕೆಲಸವೇ ಇಲ್ಲ, ಆಯುವ ಕೆಲಸ ಮಾತ್ರ. ಜೋಳದ ಕಲ್ಲು ಆಯ್ದ ಕೈಗೆ ಇದು ಎಷ್ಟರದು.

ಮೊದಲ ಸಲ ನಾನು ಕುಕ್ಕರುಗಾಲಿನಲ್ಲಿ ಕೂತು ಆಯುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಕೇಳಿದ್ದರು.

"ಏನ್ ಹೆಕ್ಕಾಕತ್ತೀ ಯವ್ವಾ, ಮುತ್ತು ಉದುರ್ಯಾವೇನು?"

"ದೀಪದ ಹುಳಾರಿ ಅತ್ತೀ."

"ಸತ್ತಾವೋ, ಜೀವ ಐತೋ?"

"ಸತ್ತಾವ್ರಿ."

"ನೋಡಿ ಹೆಕ್ಕು. ಕಾಲ್ ಆಡಿಸಾಕತ್ತಿದ್ರ ಗ್ವಾಡಿಗೆ ಬಿಡು. ನಿನ್ನ ಓದಿನ ಸಲುವಾಗಿ ಒಂದ ಜೀವ ಹೋಗಬಾರದು ನೋಡ, ಮಾತು ಕೊಡು."

ಕೊಟ್ಟೆ. ಒಂದು ಹುಳ ಸತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅಂಗೈಯ ಮೇಲಿಟ್ಟು ಮೆಲ್ಲಗೆ ಊದುವುದನ್ನು ಅತ್ತೆಯೇ ಹೇಳಿಕೊಟ್ಟರು. ಮೀಸೆ ಅಲುಗಿದರೂ ಅದು ಗೋಡೆಗೆ ಹೋಗಬೇಕು.

ಆಮೇಲೆ ಇರುವೆಯ ಪ್ರಶ್ನೆ ಬಂತು. ಒಣ ಹುಳಗಳನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟರೆ ಇರುವೆ ಮುತ್ತುತ್ತವೆ. ಡಾಂಬರು ಗುಳಿಗೆ ಹಾಕೋಣವೆಂದೆ. ಅತ್ತೆ ಗುಳಿಗೆಯನ್ನು ಮೂಗಿಗೆ ಹಿಡಿದು, "ಸತ್ತದ್ದ ತಿನ್ನಾಕ ಬಂದ ಇರಿವಿ ಇದರಿಂದ ಸತ್ರ ಆ ಲೆಕ್ಕ ಯಾರ ಮ್ಯಾಲ?" ಎಂದರು. ಬಟ್ಟಲಿನಲ್ಲಿ ನೀರು ಹಾಕಿ ಅದರ ನಡುವೆ ಡಬ್ಬಿ ಇಡೋಣವೆಂದರೆ, ಮುಳುಗಿ ಸಾಯುತ್ತವೆ ಎಂದರು. ನಮ್ಮವರು ಇಬ್ಬರ ವಾದ ಕೇಳಿ ಬೇಸತ್ತು, ಡಬ್ಬಿಗೆ ಮಗ್ಗದ ನೂಲು ಕಟ್ಟಿ ಜಂತಿಗೆ ತೂಗುಹಾಕಿದರು. "ಇದು ತೊಟ್ಟಿಲಾತು. ಇನ್ನ ಜೋಗುಳ ಹಾಡಕೋತ ಕೂಡ್ರಿ ಇಬ್ಬರೂ," ಎಂದು ಹೋದರು. ಇರುವೆ ಬರಲಿಲ್ಲ. ಬೇವಿನ ಎಲೆ ಹಾಕಿ ಇಟ್ಟೆ, ನುಸಿಯೂ ಬರಲಿಲ್ಲ.

ಹಾಗೆ ಕೂಡಿಟ್ಟವುಗಳಲ್ಲಿ ಒಂದು ನನ್ನನ್ನು ಬಿಡದೆ ಕಾಡಿತು. ಕಿರುಬೆರಳ ಉಗುರಿನಷ್ಟು ಚಿಕ್ಕದು. ಮೇಲಿನ ರೆಕ್ಕೆ ಬೂದಿ ಬಣ್ಣ, ನಡುವೆ ತಾಮ್ರದ ತಂತಿ ಎಳೆದಂತೆ ಒಂದು ಓರೆ ಗೆರೆ. ಕೆಳಗಿನ ರೆಕ್ಕೆಯ ಅಂಚಿಗೆ ಮಾತ್ರ ಅರಿಶಿನ. ಮಳೆ ಹಿಡಿದ ಮೇಲೆ ಕೆಲವು ವಾರ ಬಂದು ಆಮೇಲೆ ಕಾಣೆಯಾಗುತ್ತಿತ್ತು. ಸಿಕ್ಕ ಪುಸ್ತಕಗಳಲ್ಲೆಲ್ಲ ನೋಡಿದೆ, ಇರಲಿಲ್ಲ. ಚಿಕ್ಕೋಡಿಯ ಕಾಲೇಜೊಂದರಲ್ಲಿ ನನ್ನ ಓರಗೆಯ ಗೆಳತಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಪೇಪರು ತಿದ್ದಲು ಆ ಊರಿಗೆ ಹೋದಾಗ ಅವಳ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಇಬ್ಬರೂ ನೋಡಿದೆವು. ಅವಳು ಹುಳವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ಯಾರೂ ನೋಡಿಲ್ಲ ಅನಸ್ತೈತಿ ಬೇ. ತಿಳಿದವರಿಗೆ ಕಳಸು," ಎಂದು ಈ ತಜ್ಞರ ವಿಳಾಸ ಕೊಟ್ಟಳು.

ಪತಂಗದ ಜಾತಿ ಗುರುತಿಸುವುದು ರೆಕ್ಕೆಯ ಬಣ್ಣದಿಂದ ಮಾತ್ರ ಅಲ್ಲ. ಹೊಟ್ಟೆಯ ತುದಿಯಲ್ಲಿರುವ ಅಂಗಗಳನ್ನು ಬಿಡಿಸಿ ನೋಡಬೇಕು. ಒಂದೊಂದು ಜಾತಿಗೆ ಒಂದೊಂದು ಆಕಾರ, ಕೀಲಿಗೆ ಕೀಲಿಕೈ ಇದ್ದಂತೆ. ಅದಕ್ಕೆ ಹುಳ ಹಸಿಯಾಗಿಯೇ ಇರಬೇಕೆಂದಿಲ್ಲ, ಒಣಗಿದ್ದನ್ನು ಔಷಧದಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಇದು ನನ್ನ ಗೆಳತಿಗೂ ಗೊತ್ತಿತ್ತು, ತಜ್ಞರಿಗೂ ಗೊತ್ತಿರಲೇಬೇಕು. ರೆಕ್ಕೆ ಹರಿಯದ ಗಂಡು ಪತಂಗಗಳನ್ನು ಆರಿಸಿ, ಹತ್ತಿಯಿಲ್ಲದ ಮೆತ್ತನೆಯ ಕಾಗದದಲ್ಲಿ ಮಡಚಿ ಕಳಿಸಿದೆ. ಜೊತೆಗಿಟ್ಟ ಪತ್ರದಲ್ಲಿ ಎರಡು ಮಾತನ್ನು ಅಡಿಗೆರೆ ಹಾಕಿ ಬರೆದೆ. ಒಂದು, ಇವು ತಾವಾಗಿ ಸತ್ತು ಬಿದ್ದವು, ಯಾರೂ ಕೊಂದದ್ದಲ್ಲ. ಎರಡು, ತಲೆಯ ಮೇಲೆ ಬಿಳಿಯಾಗಿ ಕಾಣುವುದು ಮಗ್ಗದ ಹತ್ತಿಯ ಧೂಳು. ಕುಂಚದಿಂದ ತೆಗೆಯಲು ಹೋದರೆ ಕೂದಲೂ ಕಿತ್ತು ಬರುತ್ತಿದೆ, ನೀವೇ ಜೋಪಾನವಾಗಿ ತೆಗೆಯಿರಿ.

ಉತ್ತರ ಬಂತು. ಕಸ ಗುಡಿಸಿ ತಂದ ಹುಳಗಳಿಂದ ವಿಜ್ಞಾನ ನಡೆಯುವುದಿಲ್ಲ ಎಂಬುದು ಅದರ ಸಾರ. ಬಾಟಲಿ ಯಾವ ಅಳತೆಯದು, ಔಷಧ ಯಾವುದು, ಎಷ್ಟು ಹೊತ್ತು ಮುಚ್ಚಿಡಬೇಕು ಎಂದೆಲ್ಲ ಬರೆದು, ಹಾಗೆ ಕೊಂದ ಹೊಸ ಹುಳಗಳನ್ನು ಕಳಿಸಿ ಎಂದಿದ್ದರು. ನಮ್ಮ ಮನೆಯಲ್ಲಿ ಅದು ಸಾಧ್ಯವಿಲ್ಲ, ಬೇಡವಾದರೆ ಕಳಿಸಿದ್ದನ್ನು ಹಿಂದಿರುಗಿಸಿ ಎಂದು ನಾನು ಬರೆದೆ. ಹುಳಗಳೂ ಬರಲಿಲ್ಲ, ಪತ್ರವೂ ಬರಲಿಲ್ಲ. ಒಂದು ಮಳೆಗಾಲ ಹೋಯಿತು, ಇನ್ನೊಂದು ಬಂತು.

ಲೇಖನದ ಪ್ರತಿಯನ್ನು ತಂದುಕೊಟ್ಟವಳು ಚಿಕ್ಕೋಡಿಯ ಗೆಳತಿ. ಕಾಲೇಜಿನ ಗ್ರಂಥಾಲಯಕ್ಕೆ ಬಂದ ಪತ್ರಿಕೆಯಲ್ಲಿ ಕಣ್ಣಿಗೆ ಬಿದ್ದಿತ್ತಂತೆ. ಅಂಗಳದ ಹೊರಸಿನ ಮೇಲೆ ಕೂತು ಇಬ್ಬರೂ ಓದಿದೆವು. ಅದೇ ಬೂದಿ ರೆಕ್ಕೆ, ಅದೇ ತಾಮ್ರದ ಗೆರೆ, ಅದೇ ಅರಿಶಿನದ ಅಂಚು. ಊರಿನ ಹೆಸರು ಬೋರಗಾಂವ. ಕಸದ ಹುಳಗಳೇ ವಿಜ್ಞಾನವಾಗಿದ್ದವು. ನಾನು ಹಿಗ್ಗುವುದರೊಳಗೆ ಗೆಳತಿ ಚಿತ್ರದ ಮೇಲೆ ಬೆರಳಿಟ್ಟಳು. ಪತಂಗದ ತಲೆಯ ಮೇಲೆ ಎತ್ತರವಾದ, ಬೆಳ್ಳಗಿನ, ಗುಂಗುರು ಗುಂಗುರಾದ ಒಂದು ಜುಟ್ಟು ಬರೆದಿತ್ತು. ಈ ಜಾತಿಯನ್ನು ಉಳಿದೆಲ್ಲವುಗಳಿಂದ ಬೇರೆ ಮಾಡುವ ಲಕ್ಷಣವೇ ಆ ಉಣ್ಣೆಯಂಥ ಬಿಳಿ ಜುಟ್ಟು ಎಂದು ವಿವರಣೆ. ಇಟ್ಟ ಲ್ಯಾಟಿನ್ ಹೆಸರಿನ ಅರ್ಥವೂ ಬಿಳಿ ಜುಟ್ಟಿನದು ಎಂದೇ.

ನಮ್ಮ ಶೆಡ್ಡಿನ ಹತ್ತಿ ಧೂಳು. ನಮ್ಮವರ ಹುಬ್ಬಿನ ಮೇಲೆ, ಕೆಲಸದವರ ಮೀಸೆಯ ಮೇಲೆ, ಜಂತಿಯ ಮೇಲೆ, ಬೆಕ್ಕಿನ ಬೆನ್ನಿನ ಮೇಲೆ ಕೂರುವ ಅದೇ ಧೂಳು. ಅಡಿಗೆರೆ ಹಾಕಿ ಬರೆದಿದ್ದೆ. ಓದಿರಲಿಲ್ಲ.

ಗೆಳತಿ ನಕ್ಕಳು, ನಾನೂ ನಗಲಿಕ್ಕೆ ಹೋದೆ. ಆಗ ಅತ್ತೆ ಒಳಗಿಂದ ಬಂದು ಹೊರಸಿನ ಅಂಚಿಗೆ ಕೂತು, "ನಮ್ಮ ಹುಳದ ಸುದ್ದಿ ಏನ್ ಬರದಾರ, ನನಗೂ ಓದಿ ಹೇಳ್ರೆವಾ," ಎಂದರು. ಇಂಗ್ಲಿಷಿನಲ್ಲಿದ್ದುದನ್ನು ಸಾಲು ಸಾಲಾಗಿ ಕನ್ನಡ ಮಾಡುತ್ತ ಹೋದೆ. ಕೊನೆಗೆ, ಹುಳಗಳು ಹೇಗೆ ಸಿಕ್ಕವು ಎಂದು ಹೇಳುವ ಸಾಲು ಬಂತು. ದೀಪದ ಬೆಳಕಿನಲ್ಲಿ ಹಿಡಿದು, ಕೊಂದು, ರೆಕ್ಕೆ ಹರಡಿದ ಮಾದರಿಗಳು. ಕೊಟ್ಟವರು ಆ ಊರಿನ ಜೈನ ಮನೆತನದ ಒಬ್ಬ ಗೃಹಿಣಿ.

ನಾನು ಶಾಲೆಯ ಶಿಕ್ಷಕಿ ಎಂದು ಪತ್ರದ ತಲೆಯ ಮೇಲೇ ಬರೆದಿದ್ದೆ. ಅದು ಹೋಗಲಿ, ಗೃಹಿಣಿಯೂ ಹೌದು. ಆದರೆ ಕೊಂದು ಎಂಬ ಶಬ್ದದ ಹತ್ತಿರ ನನ್ನ ಬಾಯಿ ನಿಂತಿತು. ಅತ್ತೆಗೆ ಇಂಗ್ಲಿಷ್ ಬಾರದು. ದಾಟಿಸಿ ಓದಬಹುದಿತ್ತು. ಆದರೆ ಸುಳ್ಳು ಬರೆದವರು ಅವರು, ಅದನ್ನು ಮುಚ್ಚುವ ಕೆಲಸ ನಾನೇಕೆ ಮಾಡಬೇಕು? ಓದಿದೆ.

ಅತ್ತೆ ಆ ಪ್ರತಿಯನ್ನು ಕೈಗೆ ತೆಗೆದುಕೊಂಡು, "ಇದನ್ನ ಎಲ್ಲೆಲ್ಲಿ ಓದ್ತಾರ?" ಎಂದು ಕೇಳಿದರು.

"ಬ್ಯಾರೆ ದೇಶದಾಗೂ ಓದ್ತಾರ್ರೀ ಆಯಿ," ಎಂದಳು ಗೆಳತಿ.

"ಹಂಗಾರ ಎಲ್ಲಾ ಕಡೆ ನಮ್ಮ ಮನಿ ಕೊಂದ ಮನಿ ಆತು." ಅವರ ದನಿ ಏರಲಿಲ್ಲ. "ತಿದ್ದಸವಾ. ತಿದ್ದೂಮಟ ನನಗ ಒಂದ ಹೊತ್ತಿನ ಊಟ."

ನಮ್ಮವರು ಬೇಡಿಕೊಂಡರು. "ಅವ್ವಾ, ಯಾರೋ ಬರದ್ರ ನೀ ಯಾಕ ಉಪಾಸ ಇರ್ತಿ? ಮೊದಲ ಸಕ್ಕರಿ ರೋಗ ಐತಿ." ಅತ್ತೆ ಕೇಳುವವರಲ್ಲ. ಚಾತುರ್ಮಾಸ ಬೇರೆ, ಆ ನಾಲ್ಕು ತಿಂಗಳು ಸೊಪ್ಪೂ ತಿನ್ನುತ್ತಿರಲಿಲ್ಲ. ಮಧ್ಯಾಹ್ನದ ಒಂದು ಊಟದ ಮೇಲೆ ದಿನ ದೂಡತೊಡಗಿದರು. ಬಸದಿಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದನ್ನು ನಾನು ನೋಡಿದೆ. ಪತ್ರ ಬರೆದೆ. ಮತ್ತೆ ಬರೆದೆ. ಅಂಚೆಯವನು ಸೈಕಲ್ಲಿನ ಗಂಟೆ ಬಾರಿಸಿದಾಗೆಲ್ಲ ಅತ್ತೆ ನನ್ನ ಮುಖ ನೋಡುವುದು, ನಾನು ಇಲ್ಲವೆಂದು ತಲೆ ಆಡಿಸುವುದು ನಡೆದೇ ಇತ್ತು.

ಆ ಮನುಷ್ಯ ಈಗ ಅಂಗಳದಲ್ಲಿ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಂತಿದ್ದರು. ಅಥಣಿಯ ಕಡೆ ದ್ರಾಕ್ಷಿ ತೋಟದ ಯಾವುದೋ ಹುಳದ ಕೆಲಸಕ್ಕೆ ಬಂದಿದ್ದರಂತೆ. ನನ್ನ ಪತ್ರಕ್ಕೆ ಉತ್ತರ ಕೊಡಲು ಬಂದರೆಂದು ತಿಳಿದು, ಬಸದಿಯಿಂದ ಆಗತಾನೆ ಬಂದಿದ್ದ ಅತ್ತೆ ಒಳಗಿನಿಂದ ನೀರು, ಬೆಲ್ಲ ತಂದು ಕೊಟ್ಟರು. ಕುಡಿದು ಅವರು ಚೀಲದಿಂದ ಅಗಲ ಬಾಯಿಯ ಗಾಜಿನ ಬಾಟಲಿ ತೆಗೆದರು. ತಳದಲ್ಲಿ ಹತ್ತಿ.

"ಮೇಡಂ, ಗಂಡುಗಳ ಮೇಲೆ ಲೇಖನ ಆಯಿತು. ಹೆಣ್ಣು ಇನ್ನೂ ಯಾರಿಗೂ ಸಿಕ್ಕಿಲ್ಲ. ಬೆಳಿಗ್ಗೆ ಗೋಡೆಯ ಮೇಲೆ ಕೂತಿರುತ್ತವೆ ಅಂತ ನೀವೇ ಬರೆದಿದ್ದಿರಲ್ಲ, ಶೆಡ್ ತೋರಿಸಿ."

ಆ ಒಂದು ಸಾಲನ್ನು ಮಾತ್ರ ಓದಿದ್ದರು.

ಶೆಡ್ಡಿಗೆ ಹೋದೆವು. ರಾತ್ರಿ ಬಂದ ಕರೆಂಟು ಇನ್ನೂ ಹೋಗಿರಲಿಲ್ಲ, ಮಗ್ಗಗಳು ಓಡುತ್ತಿದ್ದವು. ಆ ಸದ್ದಿನಲ್ಲಿ ಮಾತು ಕೇಳದೆ ನಮ್ಮವರು ಹತ್ತಿರದ ಮಗ್ಗಗಳನ್ನು ನಿಲ್ಲಿಸಿದರು. ಗಾಳಿಯಲ್ಲಿ ಹತ್ತಿ ಮಂಜಿನಂತೆ ತೇಲುತ್ತಿತ್ತು. ಗೋಡೆಯ ಮೇಲೆ, ಸ್ವಿಚ್ಚಿನ ಹಲಗೆಯ ಪಕ್ಕದಲ್ಲಿ, ಅದು ಕೂತಿತ್ತು. ದಪ್ಪ ಹೊಟ್ಟೆ, ಬೂದಿ ರೆಕ್ಕೆ, ತಾಮ್ರದ ಗೆರೆ. ಹೆಣ್ಣೇ. ತಲೆಯ ಮೇಲೆ ಏನೂ ಇರಲಿಲ್ಲ; ಆಗಷ್ಟೇ ಬಂದು ಕೂತಿರಬೇಕು, ಧೂಳಿನ್ನೂ ಹಿಡಿದಿರಲಿಲ್ಲ.

"ಜುಟ್ಟೆಲ್ಲಿ ಐತ್ರಿ ಸರ?" ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದರು. "ಹೆಣ್ಣಿಗೆ ಇರೋದಿಲ್ಲ ಅಂತ ಕಾಣುತ್ತೆ. ಗಂಡಿಗೆ ಮಾತ್ರ."

ನಮ್ಮವರು ಮೇಲಿನ ಬಿದಿರು ಗಳುವಿನ ಮೇಲೆ ಕೂತ ಒಂದು ಗುಂಗೀಹುಳ ತೋರಿಸಿದರು, ಅದಕ್ಕೂ ಬಿಳಿ ಜುಟ್ಟಿತ್ತು. ಸತ್ತ ಜಿರಳೆಗೂ ಇತ್ತು. ಎಣ್ಣೆಯ ಡಬ್ಬಿಗೂ ಇತ್ತು. ತಜ್ಞರು ಒಂದೊಂದನ್ನೂ ಹತ್ತಿರ ಹೋಗಿ ನೋಡಿದರು. ಅತ್ತೆ ಅವರನ್ನೇ ನೋಡುತ್ತಿದ್ದವರು, ಕೈ ತೋರಿಸಿ ಹೇಳಿದರು:

"ಈಗ ನಿಮ್ಮ ತಲಿಮ್ಯಾಗೂ ಬಂದೈತಿ ನೋಡ್ರಿ ಸಾಹೇಬ್ರ. ನಿಮಗೂ ಹೊಸಾ ಹೆಸರ ಇಡಬೇಕಾತು."

ಅವರು ತಲೆ ಮುಟ್ಟಿಕೊಂಡರು. ಬೆರಳಿಗೆ ಹತ್ತಿ ಬಂತು. ಮಗ್ಗದ ಕೆಲಸದವರು ನಗುವನ್ನು ಕೆಮ್ಮಿನಲ್ಲಿ ಅಡಗಿಸಿದರು.

"ಸರಿ, ಜುಟ್ಟಿನ ವಿಷಯದಲ್ಲಿ ಒಂದು ತಿದ್ದುಪಡಿ ಹಾಕೋಣ," ಎಂದರು ತಜ್ಞರು. "ಹೆಸರು ಮಾತ್ರ ಬದಲಾಗೋದಿಲ್ಲ. ಒಮ್ಮೆ ಇಟ್ಟ ಹೆಸರು ತಪ್ಪಾದರೂ ಅದೇ ಉಳಿಯುತ್ತೆ, ಅದು ನಿಯಮ."

"ಹೆಸರ ಇದ್ರ ಇರ್ಲಿರಿ," ಎಂದೆ. "ಕೊಂದದ್ದು ಅಂತ ಬರದೀರಲ್ಲ, ಅದನ್ನ ತಿದ್ರಿ. ಅವು ಸತ್ತು ಬಿದ್ದಿದ್ವು. ನಾನು ತಿಳಿಸಿದ್ದೆ."

ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಅದರಲ್ಲೇನಿದೆ ಮೇಡಂ? ಅದು ಎಲ್ಲರೂ ಬರೆಯೋ ವಾಕ್ಯ. ಕಸದಲ್ಲಿ ಸಿಕ್ಕಿದ್ದು ಅಂತ ಬರೆದರೆ ಲೇಖನ ಯಾರು ಒಪ್ಪಿಕೊಳ್ತಾರೆ? ನಿಮ್ಮ ಹೆಸರೇನೂ ಹಾಕಿಲ್ಲವಲ್ಲ."

ಅಲ್ಲಿ ನನಗೆ ಮೈಯೆಲ್ಲ ಉರಿಯಿತು. ಮರೆತು ಬರೆದದ್ದಲ್ಲ, ತಿಳಿದೇ ಬರೆದದ್ದು. ಕಸದ ಹುಳದಿಂದ ವಿಜ್ಞಾನ ನಡೆಯದು ಎಂದವರು, ಅದೇ ಹುಳದಿಂದ ನಡೆಸಿ, ಅದು ಕಸದ್ದೆಂದು ಗೊತ್ತಾಗದಿರಲಿ ಎಂದು ಕೊಲೆಯನ್ನು ನಮ್ಮ ಮನೆಯ ಮೇಲೆ ಹಾಕಿದ್ದರು. ಹಳೆಯ ಸಂಗ್ರಹಾಲಯಗಳಲ್ಲಿ ಎಷ್ಟೋ ಜಾತಿಗಳ ಮೊದಲ ಮಾದರಿ ಎಂದರೆ ಹೊಟ್ಟೆ ಉದುರಿದ ಹುಳ, ಬಣ್ಣ ಹೋದ ಹುಳ, ಒಂದು ರೆಕ್ಕೆಯ ಚೂರು ಎಂದು ಗೆಳತಿ ಹೇಳಿದ್ದಳು. ಅವಕ್ಕೆಲ್ಲ ಮರ್ಯಾದೆ ಉಂಟು. ಬೋರಗಾಂವದ ನೆಲದಿಂದ ಆಯ್ದದ್ದಕ್ಕೆ ಮಾತ್ರ ಸುಳ್ಳಿನ ಅಂಗಿ ತೊಡಿಸಬೇಕು. ಒಂದು ಪತಂಗವನ್ನು ಕೊಂದವರು ತಜ್ಞರು, ಕೊಲ್ಲದೆ ತಂದವರು ಕಸ ಗುಡಿಸುವವರು. ಈ ಲೆಕ್ಕ ಯಾರು ಮಾಡಿದ್ದು?

ನಾನು ಇದನ್ನೆಲ್ಲ ಹೇಳುವ ಮೊದಲೇ ಅವರು ಬಾಟಲಿಯ ಮುಚ್ಚಳ ತಿರುವಿ ಗೋಡೆಯ ಕಡೆಗೆ ಹೆಜ್ಜೆ ಇಟ್ಟರು. ನಾನು ನಡುವೆ ಹೋಗಿ ಬಾಟಲಿಯ ಬಾಯಿಗೆ ಅಂಗೈ ಮುಚ್ಚಿದೆ.

"ಇಲ್ಲಿ ಬ್ಯಾಡ್ರಿ."

"ಒಂದೇ ಒಂದು ಹುಳ ಮೇಡಂ. ನಿಮ್ಮ ಟ್ಯೂಬ್‌ಲೈಟಿಗೆ ದಿನಾ ಎಷ್ಟು ಸಾಯುತ್ತವೆ? ಅದು ಹಿಂಸೆಯಲ್ಲವಾ?"

ಮಾತು ನಿಜ. ಆ ಬೆಳಕಿಗೆ ಸಾಯುವುದನ್ನು ನೋಡಲಾಗದೆ ಅತ್ತೆ ರಾತ್ರಿ ಪಾಳಿ ನಿಲ್ಲಿಸಿ ಎಂದು ಎಷ್ಟೋ ಸಲ ಜಗಳ ಮಾಡಿದ್ದರು. ಕರೆಂಟು ಬಂದಾಗ ಮಗ್ಗ ಓಡಿಸದಿದ್ದರೆ ಕೆಲಸದವರ ಮನೆಯಲ್ಲಿ ಒಲೆ ಹೇಗೆ ಹೊತ್ತುತ್ತದೆ ಎಂದು ನಮ್ಮವರು ಕೇಳುತ್ತಿದ್ದರು. ಆ ಜಗಳ ನಮ್ಮ ಮನೆಯಲ್ಲಿ ಯಾವತ್ತೂ ಮುಗಿದಿರಲಿಲ್ಲ. ತಜ್ಞರಿಗೆ ಅತ್ತೆಯೇ ಹೇಳಿದರು.

"ಹೌದ್ರಿ, ಸಾಯ್ತಾವ. ಅದು ನಮ್ಮ ಪಾಪ, ನಮ್ಮ ಲೆಕ್ಕಕ್ಕ ಐತಿ. ಅದನ್ನ ನಾವು ದಿನಾ ಬಸದ್ಯಾಗ ಹೇಳಕೋತೀವಿ. ಮಾಡಿದ್ದನ್ನ ಬರೀರಿ ಬೇಕಾರ, ದೀಪದ ಬೆಳಕಿಗೆ ಬಂದು ಸತ್ವು ಅಂತ. ಮಾಡಲಾರದ್ದನ್ನ ಯಾಕ ಬರೀತೀರಿ?"

ತಜ್ಞರು ಬಾಟಲಿ ಕೆಳಗಿಳಿಸಿದರು. ಗೋಡೆಯ ಪತಂಗ ಮಗ್ಗ ನಿಂತ ನಿಶ್ಶಬ್ದಕ್ಕೋ ಏನೋ, ಎದ್ದು ಕಿಟಕಿಯ ಜಾಲರಿಯ ಕಡೆಗೆ ಹಾರಿ ಹೋಯಿತು. ಅವರು ಅದು ಹೋದ ಕಡೆ ನೋಡಿ ನಿಟ್ಟುಸಿರುಬಿಟ್ಟರು. ಅವರ ಆಸೆಯೂ ಸುಳ್ಳಲ್ಲ ಎಂದು ಆಗ ಅನ್ನಿಸಿತು. ಅಷ್ಟರಲ್ಲಿ ಅವರ ಕಣ್ಣು ನನ್ನ ಇನ್ನೊಂದು ಕೈಯ ಪೊಟ್ಟಣಗಳ ಮೇಲೆ ಬಿತ್ತು.

"ಅದರಲ್ಲಿ ಏನಿದೆ?"

"ಇವತ್ತು ನೆಲದ ಮ್ಯಾಲ ಸಿಕ್ಕದ್ದು. ಒಂದು ಹೆಣ್ಣು ಐತ್ರಿ. ರೆಕ್ಕಿ ಹರದಿಲ್ಲ. ಮನ್ಯಾಗ ಡಬ್ಬ್ಯಾಗ ಇನ್ನೂ ಅದಾವ."

ಅವರ ಮುಖ ಅರಳಿತು. "ಕೊಡಿ ಮತ್ತೆ. ಇಷ್ಟು ಹೊತ್ತು ಹೇಳಲೇ ಇಲ್ಲವಲ್ಲ." ಕೈ ಚಾಚಿದರು. ಈಗ ಕಸದ ಹುಳವಾದರೂ ಆಗಬಹುದಿತ್ತು.

"ಮೊದಲ ತಿದ್ರಿ," ಎಂದೆ. "ಸತ್ತು ಬಿದ್ದದ್ದು ಅಂತ ಛಾಪಿಸ್ರಿ. ಪತ್ರಿಕಾ ಕಳಸ್ರಿ. ಹೆಣ್ಣು ಆಮ್ಯಾಲ."

"ಅಂಥ ಸಣ್ಣ ವಿಷಯಕ್ಕೆ ಯಾರೂ ಜಾಗ ಕೊಡೋದಿಲ್ಲ. ಜುಟ್ಟು ವಿಜ್ಞಾನದ ವಿಷಯ, ಅದನ್ನು ತಿದ್ದಬಹುದು. ಇದು ಭಾವನೆಯ ವಿಷಯ. ನಂಬಿ ಕೊಡಿ, ನೋಡೋಣ."

ಅತ್ತೆ ಸೆರಗು ಸರಿಪಡಿಸಿಕೊಂಡು ಮುಂದೆ ಬಂದರು. "ಹೆಣ್ಣು ಕೊಡೂದಂದ್ರ ಹಂಗ ಸುಮ್ನ ಆಗ್ತೈತೇನ್ರಿ ಸಾಹೇಬ್ರ? ಮನಿತನ ನೋಡಬೇಕು. ಗಂಡು ಒಯ್ದವರು ಅವನ್ನ ಹೆಂಗ ನಡಸ್ಯಾರ ಅಂತ ಕೇಳಬೇಕು. ನೀವು ನಮ್ಮ ಗಂಡಮಕ್ಕಳನ್ನ ಒಯ್ದು ಕೊಲಿ ಆದವು ಅಂತ ಊರ ತುಂಬ ಹೇಳಿ ಬಂದೀರಿ. ಇನ್ನ ಹೆಣ್ಣ ಹೆಂಗ ಕೊಡೂನು?"

ಈ ಸಲ ಕೆಲಸದವರು ನಗುವನ್ನು ಅಡಗಿಸಲಿಲ್ಲ. ನಮ್ಮವರೂ ನಕ್ಕು, ಆಮೇಲೆ ಬಂದ ಅತಿಥಿಯೆಂದು ನೆನಪಾಗಿ, "ಸರ, ಊಟ ಮಾಡಕೊಂಡ ಹೋಗ್ರಿ," ಎಂದರು. ಅವರು ಬಸ್ಸಿನ ಹೊತ್ತಾಯಿತು ಎಂದರು. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, "ಒಂದು ಶಬ್ದಕ್ಕೆ ನೀವು ವಿಜ್ಞಾನ ನಿಲ್ಲಿಸ್ತಾ ಇದ್ದೀರಿ," ಎಂದು ನನಗೆ ಹೇಳಿ ಹೊರಟರು. ಅದಕ್ಕೆ ಕೊಡಬೇಕಾದ ಮಾತು ನನಗೆ ಬಸ್ಸು ಹೋದ ಮೇಲೆ ಹೊಳೆಯಿತು. ಹೆಸರಿಡುವುದೇ ಅವರ ಕೆಲಸ. ಒಂದು ಹುಳದಿಂದ ಇನ್ನೊಂದನ್ನು ಬೇರೆ ಮಾಡುವ ಶಬ್ದವನ್ನು ಕೂದಲೆಳೆಯಷ್ಟು ನೋಡಿ ಇಡಬೇಕಾದವರು. ಅವರಿಗೆ ಸತ್ತದ್ದು, ಕೊಂದದ್ದು ಎರಡೂ ಒಂದೇ.

ಮುಂದೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ತಿದ್ದುಪಡಿ ಬಂತು. ಪತ್ರಿಕೆಯ ಕೊನೆಯ ಪುಟದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ: ಜುಟ್ಟು ಎಂದು ವರ್ಣಿಸಿದ್ದು ಹೊರಗಿನಿಂದ ಅಂಟಿದ ನಾರು. ಎಲ್ಲಿಯ ನಾರು, ಯಾರು ತೋರಿಸಿದರು ಎಂಬುದಿಲ್ಲ. ಕೊಂದದ್ದರ ಬಗ್ಗೆ ಚಕಾರವಿಲ್ಲ. ಹಾಗಾಗಿ ಇಲ್ಲದ ಜುಟ್ಟಿನ ಹೆಸರು ಹೊತ್ತು ಆ ಪತಂಗ ಶಾಸ್ತ್ರದಲ್ಲಿ ಉಳಿದಿದೆ. ಅದರ ಹೆಣ್ಣು ಗೊತ್ತಿಲ್ಲ ಎಂದು ಬರೆದಿದೆ. ಗೊತ್ತಿಲ್ಲದೇನು? ಜಂತಿಯ ಡಬ್ಬಿಯಲ್ಲಿ ಬೇವಿನ ಎಲೆಯ ನಡುವೆ ಇದ್ದವು. ಬೇರೆ ಯಾರಿಗಾದರೂ ಕಳಿಸು ಎಂದು ಗೆಳತಿ ಹೇಳಿದಳು; ನಾನು ಪತ್ರ ಬರೆದ ಇನ್ನೊಬ್ಬ ತಜ್ಞರೂ ಮೊದಲು ಕೇಳಿದ್ದು, ಯಾವ ಔಷಧದಲ್ಲಿ ಕೊಂದಿರಿ ಎಂದೇ.

ಅಂದು ತಜ್ಞರ ಬಸ್ಸು ಹೋದ ಮೇಲೆ ನಾನು ಅಡಿಗೆಮನೆಗೆ ಹೋಗಿ ಸಿಟ್ಟಿನಲ್ಲಿ ರೊಟ್ಟಿ ತಟ್ಟಿದೆ. ಮಧ್ಯಾಹ್ನ ಅತ್ತೆ ತಮ್ಮ ಒಂದು ಹೊತ್ತಿನ ಊಟ ಮುಗಿಸಿ ಜಪಮಾಲೆ ಹಿಡಿದು ಕೂತರು. ಮ್ಲಾನವಾಗಿ ಕಾಣಲಿಲ್ಲ. ಉಳಿದ ಪೇಪರುಗಳನ್ನು ತಿದ್ದುತ್ತ ಕೂತ ನಾನೇ ಕೆಂಪು ಶಾಯಿಯಲ್ಲಿ ಕಾಗದ ಹರಿಯುವಷ್ಟು ಒತ್ತಿ ಬರೆಯುತ್ತಿದ್ದೆ. ಹೊತ್ತು ಇಳಿಯುತ್ತ ಬಂದಾಗ, ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕೆಂದು ನಮ್ಮವರಿಗೆ, ನನಗೆ ತಾಟು ಹಾಕಿದೆ. ಅತ್ತೆ ಬಂದು ತಮ್ಮ ಮಣೆಯನ್ನು ತಾವೇ ಎಳೆದುಕೊಂಡರು.

"ನನಗೂ ಒಂದ್ ರೊಟ್ಟಿ ಹಾಕವಾ."

"ತಿದ್ದಿಲ್ಲಲ್ರೀ ಇನ್ನೂ," ಎಂದೆ.

"ಅಂವ ತಿದ್ದಾಂವ ಅಲ್ಲ. ಗೊತ್ತಾತು." ತಾಟಿನ ಮುಂದೆ ಕೂತರು. "ನಮ್ಮ ಮನ್ಯಾಗ ನಿಂತು ನಮ್ಮ ಮಾತ ಕೇಳಿದಾ. ಗೊತ್ತಿದ್ದ ಬರದೀನಿ ಅಂತ ತಾನ ಒಪ್ಪಿದಾ. ಇಷ್ಟ ದಿನಾ ಆ ಪಾಪ ನಮಗ ಹತ್ತಿತ್ತೋ ಅಂತ ಅಂಜಿಕಿ ಇತ್ತು. ಇನ್ನ ಅದು ಬರದವಂಗ ಕಟ್ಟಿತು. ನನ್ನ ಹೊಟ್ಟಿಗೆ ಯಾಕ?"

"ನನಗ ಹಂಗ ಅನಸೂದಿಲ್ರಿ," ಎಂದೆ. "ನನಗ ಇನ್ನೂ ಉರೀತೈತಿ."

"ನೀ ಓದಿದಾಕಿ, ಉರಕೋ. ಮೊದಲ ಚಟ್ನಿ ಹಾಕು."

ನಮ್ಮವರು ತಲೆ ತಗ್ಗಿಸಿ ನಗುತ್ತ ರೊಟ್ಟಿ ಮುರಿದರು. ಅಂದು ಜೋಳದ ರೊಟ್ಟಿ, ಹೆಸರುಬೇಳೆಯ ಪಲ್ಯ, ಬಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಎಮ್ಮೆಯ ಮೊಸರು. ಅತ್ತೆ ಒಂದು ಎಂದವರು ಎರಡು ರೊಟ್ಟಿ ತಿಂದರು, ಮೊಸರನ್ನು ಎರಡು ಸಲ ಹಾಕಿಸಿಕೊಂಡರು. ಪಾತ್ರೆ ತೊಳೆದು ಬರುವುದರೊಳಗೆ ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಆಮೇಲೆ ನಮ್ಮವರು ಮಲಗಿದರು. ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.